ತುಂಬು ತೋಳಿನ ಬಿಳಿ ಅಂಗಿ

ಮಾರ್ಚ್ 3, ಸೋಮವಾರ

ವಾರದ ರಜೆ. ಎರಡು ಸಾದಾ ಕಾಟನ್ ಕುರ್ತಾ ಬೇಕಿತ್ತು. ಬೀಚ್ ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದೆ. ಇಪ್ಪತ್ತೊಂಬತ್ತು ಅಂಗಡಿ, ಒಂದೇ ಅಂಗಿ. ತೆಂಗಿನಮರ, ಗಿಳಿ, ಮುಳುಗುವ ಸೂರ್ಯ. ಗಿಳಿ ಬೇಡ ಅಂದರೆ ಅನಾನಸ್ ತೋರಿಸುತ್ತಾರೆ. ಅಳತೆಯೂ ಎರಡೇ — ಒಳಗೆ ಇಬ್ಬರು ಹಿಡಿಸುವಂಥದ್ದು, ಇಲ್ಲವೇ ದಾರದ ಎರಡು ತುಂಡು. ಹದಿನೈದು ದಿನ ಇದ್ದು ಹೋಗುವವರ ಮೈಗೆ ಹೊಲಿದದ್ದು. ಇಲ್ಲೇ ಇದ್ದು ದುಡಿಯುವವರಿಗೂ ಒಂದು ಮೈ ಇದೆ ಎಂಬುದು ಈ ಊರಿಗೆ ಮರೆತೇ ಹೋಗಿದೆ.

ನಾನು ಮರೆತಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ನಾನು ಕೆಲಸಕ್ಕೆಂದು ಈ ದೇಶಕ್ಕೆ ಬಂದಾಗ, ಈಗ ಐಸ್‌ಕ್ರೀಮ್ ಮಾರುವ ಮೂಲೆಯಲ್ಲಿ ಥಾನಿನಿಂದ ಬಟ್ಟೆ ಕತ್ತರಿಸಿ ಕೊಡುವ ಅಂಗಡಿ ಇತ್ತು. ಪಕ್ಕದಲ್ಲಿ ಪುಸ್ತಕದಂಗಡಿ. ಎರಡನ್ನೂ ಎತ್ತಂಗಡಿ ಮಾಡಿಸಿದಾಗ ನಗರಸಭೆಗೆ ಪತ್ರ ಬರೆದೆ. ಉತ್ತರ ಇನ್ನೂ ಬರಬೇಕು.

ಕ್ವಾರ್ಟರ್ಸ್ ಗೇಟಿನಲ್ಲಿ ಗಂಜಿ ಸಿಕ್ಕ. ನಮ್ಮ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು, ನಮ್ಮ ಭಾಷೆಯವನು. ಕಾಲರಿಗೆ ಅವನ ಹಾಗೆ ಗಂಜಿ ಹಾಕುವವರಿಲ್ಲ, ಅದಕ್ಕೇ ಆ ಹೆಸರು.

“ಏನಕ್ಕಾ, ಸಿಗ್ಲಿಲ್ವಾ ಬಟ್ಟೆ?”

“ಗಿಳಿ ಸಿಕ್ತು.”

“ತಗೋಬೇಕಿತ್ತು. ನಾನು ಗಂಜಿ ಹಾಕಿ ಕೊಟ್ಟಿದ್ರೆ ಹಾರೇ ಹೋಗ್ತಿತ್ತು.”

ಮಾರ್ಚ್ 6, ಗುರುವಾರ

ಇಸ್ತ್ರಿ ಕೋಣೆಯ ಎಕ್ಸಾಸ್ಟ್ ಫ್ಯಾನ್ ನಿಂತು ಇಂದಿಗೆ ನಲವತ್ತೊಂದು ದಿನ. ಶೀಟು, ಯೂನಿಫಾರ್ಮ್ ಇಡುವ ನನ್ನ ಲಿನನ್ ರೂಮಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಮಧ್ಯಾಹ್ನ ಆ ಗೋಡೆಗೆ ಕೈ ಇಟ್ಟರೆ ಚುರ್ ಅನ್ನುತ್ತದೆ. ಅಲ್ಲಿ ಮೂರು ಜನ, ಮೂರು ಸ್ಟೀಮ್ ಪ್ರೆಸ್. ಗಂಜಿಯ ಎರಡೂ ಮುಂಗೈ ತುಂಬ ಸುಟ್ಟ ಗೆರೆಗಳು, ಅಳತೆಪಟ್ಟಿಯ ಹಾಗೆ.

ಮೂರನೆಯ ಪತ್ರ ಕೊಟ್ಟೆ. ಪರ್ಸೊನೆಲ್ ಆಫೀಸರ್ ಕೂಡ ನಮ್ಮ ಭಾಷೆಯವನೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಲಾಂಡ್ರಿಯಲ್ಲಿ ಎಲ್ಲರಿಗೂ ಅವನು ಬೆಣ್ಣೆ.

“ಆಗುತ್ತೆ ಅಮ್ಮ, ಪ್ರೊಸೆಸ್‌ನಲ್ಲಿದೆ. ನಿಮ್ಮ ಇಂಗ್ಲಿಷ್ ಮಾತ್ರ ಎಷ್ಟು ಚೆನ್ನಾಗಿದೆ!”

ಇಂಗ್ಲಿಷ್ ಓದಿದ. ಫ್ಯಾನ್ ಓದಲಿಲ್ಲ.

ಮಾರ್ಚ್ 11, ಮಂಗಳವಾರ

ಗಂಜಿ ಹೋದ.

ಮೂರು ಹತ್ತಕ್ಕೆ ಗೋಡೆಯಾಚೆ ಸದ್ದಾಯಿತು. ಓಡಿದೆ. ಪ್ರೆಸ್ಸಿನ ಪಕ್ಕ ಬಿದ್ದಿದ್ದ. ಯೂನಿಫಾರ್ಮ್ ಹಿಂಡಿದರೆ ನೀರು. ಮೈ ಮುಟ್ಟಿದರೆ ಬೆಂಕಿ. ಜೊತೆಯ ಇಬ್ಬರು ನೀರು ಚಿಮುಕಿಸುತ್ತಿದ್ದರು.

ಬೆಣ್ಣೆ ಬಂದ. “ಮೊದ್ಲು ರೂಮಿಗೆ ಎತ್ಕೊಂಡು ಹೋಗಿ, ಗಾಳಿ ಬರ್ಲಿ.” ಸರಿ ಅನ್ನಿಸಿತು. ನಾನೇ ತಲೆ ಹಿಡಿದೆ. ಅವನ ಮಂಚದ ಮೇಲೆ ಮಲಗಿಸಿದೆವು. ಹೋಟೆಲಿನ ಡಾಕ್ಟರ್ ಅಲ್ಲಿಗೇ ಬಂದ. ನಾಡಿ ನೋಡಿದ. ಗಡಿಯಾರ ನೋಡಿದ.

ಮುಂದೆ ಬರೆಯಲಾರೆ.

ಮಾರ್ಚ್ 12

ಊರಿನಿಂದ ಅವನ ಹೆಂಡತಿಯ ಫೋನ್. ಅಳು ಮುಗಿದ ಮೇಲಿನ ದನಿ.

“ಅಕ್ಕಾ, ಒಂದು ಉಪಕಾರ. ಬಿಳಿ ಅಂಗಿ ಹಾಕಿ ಕಳಿಸಿ. ತುಂಬು ತೋಳಿನದು. ಕೈ ಮೇಲೆ ಆ ಗುರುತೆಲ್ಲಾ ಇದೆಯಲ್ಲ... ಮಗಳು ನೋಡಿಲ್ಲ. ಅವ್ಳಿಗೆ ಅಪ್ಪ ಆಫೀಸಲ್ಲಿ ಇದ್ದಾರೆ ಅಂತಾನೇ ಹೇಳಿದ್ವಿ.”

ಆಗಲಿ ಅಂದೆ. ಗಂಜಿಯ ಪೆಟ್ಟಿಗೆ ತೆಗೆದು ನೋಡಿದೆ. ನಾಲ್ಕು ಬನಿಯನ್, ಎರಡು ಟೀ ಶರ್ಟ್, ಒಂದು ಒಳ್ಳೆಯ ಪ್ಯಾಂಟು. ದಿನಕ್ಕೆ ಇನ್ನೂರು ಅಂಗಿ ಇಸ್ತ್ರಿ ಮಾಡಿದವನಿಗೆ ಸ್ವಂತದ್ದೊಂದು ಅಂಗಿ ಇಲ್ಲ.

ಬೆಣ್ಣೆಗೆ ಹೇಳಿದೆ, ಯೂನಿಫಾರ್ಮ್‌ನಲ್ಲಿ ಕಳಿಸುವುದು ಬೇಡ ಎಂದು. ತಕ್ಷಣ ಒಪ್ಪಿದ. ಇಷ್ಟು ಬೇಗ ಅವನು ಯಾವುದಕ್ಕೂ ಒಪ್ಪಿದ್ದಿಲ್ಲ. “ಖಂಡಿತ ಅಮ್ಮ. ನೀವೇ ಒಂದು ಒಳ್ಳೆ ಬಟ್ಟೆ ನೋಡಿ. ನಮ್ಮ ಗಿಫ್ಟ್ ಶಾಪಿಂದ ಏನು ಬೇಕಾದ್ರೂ ತಗೊಳ್ಳಿ, ಫ್ರೀ.”

ನಿನ್ನೆ ಇಸ್ತ್ರಿ ಕೋಣೆಯಲ್ಲಿದ್ದ ಇಬ್ಬರನ್ನೂ ಇಂದು ಬೆಳಿಗ್ಗೆ ಬೇರೆ ಬ್ರಾಂಚಿಗೆ ಕಳಿಸಿದ್ದಾರೆ. ಎಕ್ಸಾಸ್ಟ್ ಫ್ಯಾನ್ ಹಾಕುತ್ತಿದ್ದಾರೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು.

ಮಾರ್ಚ್ 13, ಗುರುವಾರ

ಗಿಫ್ಟ್ ಶಾಪ್: ಗಿಳಿ. ಬೀಚ್ ರಸ್ತೆ: ಗಿಳಿ, ಅನಾನಸ್, ಅಸ್ಥಿಪಂಜರ ಗಿಟಾರ್ ಬಾರಿಸುವ ಚಿತ್ರ. ಇಪ್ಪತ್ತೊಂಬತ್ತು ಅಂಗಡಿಯನ್ನೂ ಮತ್ತೆ ಹತ್ತಿಳಿದೆ. ತುಂಬು ತೋಳು ಅಂದರೆ ನಗುತ್ತಾರೆ. ಒಬ್ಬಳು ಕೇಳಿದಳು, “ಈ ಸೆಕೆಯಲ್ಲಿ ತುಂಬು ತೋಳು ಯಾರಿಗೆ?”

“ಸೆಕೆ ತಾಗದವರಿಗೆ.”

ಅವಳಿಗೆ ಅರ್ಥವಾಯಿತು. ನಗು ಇಳಿಯಿತು. ಒಳಗೆ ಹೋಗಿ ಹುಡುಕಿ ಒಂದು ಬಿಳಿಯದು ತಂದಳು. ಬೆನ್ನಿನ ಮೇಲೆ ‘ರಜೆ ಮುಗಿಯದಿರಲಿ’ ಎಂದು ಅಚ್ಚು ಹಾಕಿತ್ತು. ಮಲಗಿಸಿದರೆ ಕಾಣುವುದಿಲ್ಲವಲ್ಲ ಅಂದಳು. ತಪ್ಪು ಅವಳದ್ದಲ್ಲ. ಥ್ಯಾಂಕ್ಸ್ ಹೇಳಿ ಬಂದೆ.

ಮೀನು ಮಾರ್ಕೆಟ್ಟಿನ ಹಿಂದೆ ಕಾಲು ಕುಂಟುವ ಒಬ್ಬ ಮುದುಕ ದರ್ಜಿ ಇದ್ದಾನೆ. ಅವನೂ ಹೊರಗಿನಿಂದ ಬಂದವನೇ, ಬೇರೆ ದೇಶದವನು. ಬೀಚಿನ ದೊಡ್ಡ ಛತ್ರಿಗಳಿಗೆ ಬಟ್ಟೆ ಹೊಲಿಯುತ್ತಾನೆ.

“ಅಂಗಿ ಹೊಲಿದು ಒಂಬತ್ತು ವರ್ಷ ಆಯ್ತು ಅಮ್ಮಾ. ಕೈ ಮರೆತಿಲ್ಲ. ಬಟ್ಟೆ ಎಲ್ಲಿ?”

ಬಟ್ಟೆ ಎಲ್ಲಿ! ಈ ಊರಿನಲ್ಲಿ ಮೂರು ಮೀಟರ್ ಬಿಳಿ ಬಟ್ಟೆ ಇರುವುದು ಒಂದೇ ಕಡೆ — ನನ್ನ ಕಪಾಟಿನಲ್ಲಿ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಕರವಸ್ತ್ರ ಆಚೆ ತಂದವಳಲ್ಲ. ಇಂದು ಮಧ್ಯಾಹ್ನ ಒಂದು ಹೊಸ ಶೀಟನ್ನು ಹೊಟ್ಟೆಗೆ ಸುತ್ತಿಕೊಂಡು ಗೇಟು ದಾಟಿದೆ. ಹರಿದ ಹಳೆಯ ಶೀಟು ತರಬಹುದಿತ್ತು, ಅದನ್ನು ಕೇಳುವವರಿರಲಿಲ್ಲ. ಗಂಜಿಗೆ ಹರಿದದ್ದು ತೊಡಿಸಲು ಮನಸ್ಸು ಬರಲಿಲ್ಲ.

ಅಳತೆ ಬಾಯಲ್ಲೇ ಹೇಳಿದೆ. ಅವನ ಯೂನಿಫಾರ್ಮ್ ಸೈಜು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಶೀಟಿನ ಅಂಚಿನಲ್ಲಿ ಹೋಟೆಲಿನ ನೀಲಿ ಎಳೆ ಬರುತ್ತದೆ. ದರ್ಜಿ ಅದನ್ನು ಕೆಳಗಿನ ಮಡಿಕೆಯ ಒಳಗೆ ಹಾಕಿದ. ಗುಂಡಿ ಇರಲಿಲ್ಲ. “ಛತ್ರಿಗೆ ಗುಂಡಿ ಎಲ್ಲಿಂದ?” ಅಂದ. ನನ್ನ ಹಳೆಯ ಕುರ್ತಾದಿಂದ ಏಳು ಗುಂಡಿ ಕಿತ್ತು ಕೊಟ್ಟೆ. ಸಂಜೆ ಆರಕ್ಕೆ ಅಂಗಿ ಸಿದ್ಧ. ಹೊಲಿಗೆಯ ಕೂಲಿ ಮುಟ್ಟಲಿಲ್ಲ.

ಕಾಲರಿಗೆ ನಾನೇ ಗಂಜಿ ಹಾಕಿದೆ. ಅವನಷ್ಟು ಚೆನ್ನಾಗಿ ಬರಲಿಲ್ಲ.

ಮಾರ್ಚ್ 14, ಬೆಳಿಗ್ಗೆ 11

ಆಸ್ಪತ್ರೆಯ ಶವಾಗಾರ. ಅಲ್ಲಿನ ಕೆಲಸದವನು ಯೂನಿಫಾರ್ಮ್ ತೆಗೆದು ಕವರಿಗೆ ಹಾಕಿದ, ಬೆಣ್ಣೆ ಕವರನ್ನು ಇಸಿದುಕೊಂಡ. ಅಂಗಿ ತೊಡಿಸಿದರು. ತೋಳು ಸರಿಯಾಗಿ ಮಣಿಕಟ್ಟಿನವರೆಗೆ ಬಂತು. ಒಂದು ಗೆರೆಯೂ ಕಾಣಲಿಲ್ಲ. ನಿಜವಾಗಿಯೂ ಆಫೀಸಿನಲ್ಲಿದ್ದವನ ಹಾಗೇ ಕಂಡ.

ಬೆಣ್ಣೆ ಎರಡು ಹಾಳೆ ಚಾಚಿದ. “ಬಟ್ಟೆ ತಂದುಕೊಟ್ಟಿದ್ದಕ್ಕೆ ಒಂದು ಸೈನ್ ಅಮ್ಮ, ಅಷ್ಟೇ.” ಮೇಲಿನ ಹಾಳೆ ಅದೇ. ಕೆಳಗಿನದಕ್ಕೂ ಅಲ್ಲೇ ಸಹಿ ಹಾಕಿದೆ. ಕಣ್ಣು ಕಾಲರಿನ ಮೇಲಿತ್ತು, ಎಡಗಡೆ ಸ್ವಲ್ಪ ಮಡಿಚಿಕೊಂಡಿತ್ತು.

ಗಂಜಿಗೆ ನಾಳೆಯ ವಿಮಾನ.

ಮಾರ್ಚ್ 29, ಶನಿವಾರ

ಪೊಟ್ಟಣ ಕಟ್ಟಿದ ಹಾಳೆಯನ್ನೂ ಬಿಡಿಸಿ ಓದುವವಳು ನಾನು. ಔಷಧಿ ಬಾಟಲಿಯ ಸಣ್ಣಕ್ಷರ, ಬಾಡಿಗೆ ಕರಾರಿನ ಬೆನ್ನು, ಎಲ್ಲ. ಆ ಒಂದು ಹಾಳೆ ಓದಲಿಲ್ಲ.

ಗಂಜಿಯ ಹೆಂಡತಿ ಫೋನ್ ಮಾಡಿದಳು. ಕಂಪನಿಯಿಂದ ಪತ್ರ ಹೋಗಿದೆ. ಅದು ಕೆಲಸದಲ್ಲಿ ಆದ ಸಾವಲ್ಲವಂತೆ. ರಜೆಯಲ್ಲಿ ರೂಮಿನಲ್ಲಿ ಮಲಗಿದ್ದಾಗ ಸಹಜವಾಗಿ ಹೋದನಂತೆ. ಆದ್ದರಿಂದ ಪರಿಹಾರ ಬರುವುದಿಲ್ಲ. ಸಾಕ್ಷಿಯ ಹೇಳಿಕೆ ಲಗತ್ತಿಸಿದ್ದಾರೆ. ಪಕ್ಕದ ಮನೆಯವರು ಅವಳಿಗೆ ಓದಿ ಹೇಳಿದ್ದಾರೆ: ‘ಮಾರ್ಚ್ 11ರ ಮಧ್ಯಾಹ್ನ ಮೃತರು ತಮ್ಮ ಸ್ವಂತ ಬಿಳಿ ತುಂಬು ತೋಳಿನ ಅಂಗಿ ತೊಟ್ಟು ಮಂಚದ ಮೇಲೆ ಮಲಗಿದ್ದುದನ್ನು ನಾನು ಕಂಡೆ.’ ಕೆಳಗೆ ನನ್ನ ಸಹಿ.

“ನೀವೇ ಬರೆದ್ಕೊಟ್ರಂತಲ್ಲ ಅಕ್ಕಾ?”

ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

“ಮಗಳ ಸ್ಕೂಲು ಬಿಡಿಸ್ಬೇಕಾಗುತ್ತೆ. ಅಂಗಿ ಚೆನ್ನಾಗಿತ್ತು. ಅದಕ್ಕೆ ನಿಮ್ಗೆ ಋಣಿ,” ಅಂದಳು.

ಮಾರ್ಚ್ 31

ಬೆಣ್ಣೆಯ ಕ್ಯಾಬಿನ್. ಎಸಿ ಹದಿನೆಂಟರಲ್ಲಿತ್ತು.

“ನನ್ನ ಕೈಲಿ ಸುಳ್ಳು ಸಹಿ ಹಾಕಿಸ್ದೆ.”

“ಹಾಕ್ಸೋಕೆ ನೀವೇನು ಮಗುನಾ ಅಮ್ಮ? ಓದು ಬರಹ ಬಲ್ಲವರು.”

“ಅವನು ಪ್ರೆಸ್ಸಿನ ಹತ್ರ ಬಿದ್ದ. ನೀನೂ ನೋಡ್ದೆ.”

“ನಾನು ನೋಡಿದ್ದು ರೂಮಲ್ಲಿ. ಡಾಕ್ಟರ್ ನೋಡಿದ್ದೂ ರೂಮಲ್ಲಿ.” ನೀರಿನ ಲೋಟ ನನ್ನ ಕಡೆ ಸರಿಸಿದ. “ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಅಂಗಿ ಯಾವ ಅಂಗಡೀದು? ಕೆಳಗೆ ಮಡಿಕೆ ಒಳಗೆ ಒಂದು ನೀಲಿ ಎಳೆ ಇತ್ತು. ತೊಡಿಸುವಾಗ ನನ್ನ ಕಣ್ಣಿಗೆ ಬಿತ್ತು.”

ನಾನು ಕುಳಿತುಬಿಟ್ಟೆ.

“ಜೂನಲ್ಲಿ ನಿಮ್ಮ ಪರ್ಮಿಟ್ ರಿನ್ಯೂ ಅಲ್ವಾ? ಕಳ್ಳತನದ ಕೇಸ್ ಆದ್ರೆ ಒಂದೇ ದಿನದಲ್ಲಿ ವಿಮಾನ ಹತ್ತಿಸ್ತಾರೆ ಅಮ್ಮ. ಪೆನ್ಷನ್ನೂ ಇಲ್ಲ, ಗ್ರಾಚ್ಯುಟಿನೂ ಇಲ್ಲ. ನಾನಂತೂ ಯಾರಿಗೂ ಹೇಳಿಲ್ಲ. ನಮ್ಮೋರು ನೀವು.”

ನಮ್ಮೋರು. ಈ ಪದವನ್ನು ಇನ್ನು ಮೇಲೆ ನಾನು ಬಳಸುವುದಿಲ್ಲ.

ಏಪ್ರಿಲ್ 4

ಮೂರು ದಿನ ಏನೂ ಬರೆಯಲಿಲ್ಲ. ಶೀಟು ಮಡಿಸಿದೆ. ಬಿಚ್ಚಿದೆ. ಮತ್ತೆ ಮಡಿಸಿದೆ. ಜಗತ್ತಿನ ಅನ್ಯಾಯಕ್ಕೆಲ್ಲ ಪತ್ರ ಬರೆದವಳು ನಾನು — ನಗರಸಭೆಗೆ, ಪತ್ರಿಕೆಗೆ, ಕಾನ್ಸುಲೇಟಿಗೆ. ಆ ಯಾವ ಪತ್ರದಲ್ಲೂ ನಾನು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಈಗ ತಿಳಿಯುತ್ತಿದೆ.

ಇಂದು ಮಧ್ಯಾಹ್ನ ದಿಂಬಿನ ಕವರು ಜೋಡಿಸುತ್ತಿದ್ದಾಗ ಹೊಳೆಯಿತು. ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ನಿಂತೆ. ಬೆಣ್ಣೆ ಬರೆಸಿದ ಹೇಳಿಕೆಯ ಪ್ರಕಾರ ಹನ್ನೊಂದನೇ ತಾರೀಕು ಗಂಜಿ ಆ ಬಿಳಿ ಅಂಗಿ ತೊಟ್ಟಿದ್ದ. ಆ ಅಂಗಿ ಹುಟ್ಟಿದ್ದೇ ಹದಿಮೂರಕ್ಕೆ! ಹನ್ನೊಂದರಂದು ಅದು ಇನ್ನೂ ನನ್ನ ಕಪಾಟಿನಲ್ಲಿ ಶೀಟಾಗಿತ್ತು. ನಾನು ಕದ್ದದ್ದು ನಿಜವಾದರೆ ಆ ಹೇಳಿಕೆ ಸುಳ್ಳು. ಒಂದನ್ನು ಹೇಳದೆ ಇನ್ನೊಂದನ್ನು ಹೇಳಲು ಬರುವುದಿಲ್ಲ.

ಕೆಲಸ ಬಿಟ್ಟ ಮೇಲೆ ದರ್ಜಿಯ ಹತ್ತಿರ ಓಡಿದೆ. ಶೀಟಿನ ಉಳಿದ ತುಂಡು ಇದೆಯೇ? ಇದೆ. ಮಿಷನ್ ಒರೆಸಲು ಇಟ್ಟುಕೊಂಡಿದ್ದ. ಎಣ್ಣೆಯ ಕಲೆ, ಅಂಚಿನಲ್ಲಿ ನೀಲಿ ಎಳೆ.

“ಲೇಬರ್ ಆಫೀಸಿಗೆ ಬಂದು ಹೇಳ್ತೀಯಾ, ಯಾವತ್ತು ಹೊಲಿದೆ ಅಂತ?”

ಸೂಜಿಗೆ ದಾರ ಹಾಕುತ್ತಿದ್ದವನು ಹಾಕುತ್ತಲೇ ಇದ್ದ. ಅವನ ಪರ್ಮಿಟ್ಟೂ ಯಾರದೋ ಕೈಯಲ್ಲೇ ಇರುವುದು.

“ಛತ್ರಿ ಎಲ್ಲಾ ಆ ಹೋಟೆಲಿಂದೇ ಅಮ್ಮಾ.”

“ಗೊತ್ತು.”

“ಯಾವತ್ತು ಹೋಗ್ಬೇಕು?”

ಏಪ್ರಿಲ್ 8

ಗಂಜಿಯ ಹೆಂಡತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಶೀಟು, ಸಹಿ, ಬೆಣ್ಣೆ.

“ನಿಮ್ಮನ್ನ ಅಲ್ಲಿಂದ ಓಡಿಸಿಬಿಡ್ತಾರಲ್ಲ ಅಕ್ಕಾ.”

“ಓಡಿಸ್ಲಿ.”

“ಇಲ್ಲಿ ಯಾರಿದ್ದಾರೆ ನಿಮ್ಗೆ?”

ಹೇಳಿಕೊಳ್ಳುವಂಥವರು ಯಾರೂ ಇಲ್ಲ ಅಂದೆ.

“ಹಾಗಾದ್ರೆ ಸೀದಾ ನಮ್ಮನೆಗೇ ಬನ್ನಿ,” ಅಂದಳು. ಆಮೇಲೆ, “ಮಗಳಿಗೆ ನಾನೂ ನಿಜ ಹೇಳ್ತೀನಿ. ಅವಳಪ್ಪ ಏನು ಕೆಲಸ ಮಾಡ್ತಿದ್ರು ಅಂತ.”

ಏಪ್ರಿಲ್ 9, ಬೆಳಿಗ್ಗೆ 8.20

ಲೇಬರ್ ಆಫೀಸ್ ಒಂಬತ್ತಕ್ಕೆ. ಬರೆದದ್ದು ಚೀಲದಲ್ಲಿದೆ. ನಾಲ್ಕು ಸಲ ಓದಿದೆ. ಮೊದಲ ಸಾಲು: ‘ಆ ಅಂಗಿಯ ಬಟ್ಟೆ ಹೋಟೆಲಿನದು, ಮಾರ್ಚ್ 13ರಂದು ಕದ್ದವಳು ನಾನು.’ ಇದಕ್ಕಿಂತ ನೆಟ್ಟಗಿನ ವಾಕ್ಯ ನಾನು ಬರೆದಿಲ್ಲ.

ದರ್ಜಿ ಎಂಟಕ್ಕೆ ನನ್ನ ರೂಮಿಗೆ ಬರುತ್ತೇನೆಂದಿದ್ದ. ಬಂದಿಲ್ಲ. ವಯಸ್ಸಾದವನು, ಬಸ್ಸು ತಡವಿರಬಹುದು. ಬರದಿದ್ದರೂ ಅವನನ್ನು ದೂರುವುದಿಲ್ಲ. ಬಟ್ಟೆಯ ತುಂಡು ನನ್ನ ಹತ್ತಿರ ಇದೆ. ಒಬ್ಬಳ ಮಾತಿಗೆ ಎಷ್ಟು ಬೆಲೆಯೋ, ನೋಡೋಣ.

ಮೆಟ್ಟಿಲ ಮೇಲೆ ಹೆಜ್ಜೆ. ಒಬ್ಬರದ್ದಲ್ಲ, ಇಬ್ಬರೋ ಮೂವರೋ... ದರ್ಜಿ ಕುಂಟುತ್ತಾನೆ. ಇವರು ಯಾರೂ ಕುಂಟುತ್ತಿಲ್ಲ. ಬೂಟಿನ ಸದ್ದು; ಬೆಣ್ಣೆಗೆ ಸುಳಿವು ಸಿಕ್ಕಿರಬೇಕು. ಚೀಲ ಹೆಗಲಿಗೆ ಹಾಕಿಕೊಂಡೆ. ಯಾರೇ ಆಗಲಿ, ಬಾಗಿಲು ನಾನೇ ತೆಗೆಯುತ್ತೇನೆ, ಮೊದಲ ಸಾಲನ್ನು ನಿಂತಲ್ಲೇ ಗಟ್ಟಿಯಾಗಿ ಓದಿ —