ಅತ್ತೆ ತಂದ ಲೋಟ

ತರೀಕೆರೆ, ನವೆಂಬರ್ ೧೨, ಬುಧವಾರ

ಇವತ್ತು ಅತ್ತೆ ಬೀರೂರಿನಿಂದ ಬಸ್ಸು ಹತ್ತಿ ನನ್ನ ಬಾಡಿಗೆ ಕೋಣೆ ಹುಡುಕಿಕೊಂಡು ಬಂದಿದ್ದರು. ಹೊನ್ನೇಶ ಹಾಸಿಗೆ ಹಿಡಿದಿದ್ದಾನಂತೆ.

"ಎಷ್ಟಾದ್ರೂ ಗಂಡ ಕಣೇ. ಬಂದು ನೋಡ್ಕೋ," ಅಂದರು.

ಗಂಡ! ನನಗೆ ಎಚ್‌ಐವಿ ಅಂಟಿಸಿದವನೂ ಅವನೇ, ಈ ರೋಗ ಎಲ್ಲಿಂದ ತಂದೆ ಅಂತ ಬೆಲ್ಟಿನಲ್ಲಿ ಹೊಡೆದವನೂ ಅವನೇ. ಆಗ ಟೀವಿ ಸದ್ದು ಜಾಸ್ತಿ ಮಾಡಿಕೊಂಡು ಕೂರುತ್ತಿದ್ದವರು ಈ ಅತ್ತೆ. ನನ್ನ ತಟ್ಟೆ, ಲೋಟ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಇಡಿಸಿದವರೂ ಇವರೇ.

"ಈಗ ಅವರ ತಟ್ಟೇನೂ ಹಿತ್ಲಲ್ಲೇ ಇಟ್ಟಿದ್ದೀರಾ ಅತ್ತೆ?"

"ಅವ್ನು ನನ್ ಮಗ ಕಣೇ!"

ಬರುವುದಿಲ್ಲ ಅಂದೆ. ಮಾತ್ರೆ ತಪ್ಪಿಸದೆ ನುಂಗುತ್ತಾ, ಟೈಲರ್ ಅಂಗಡಿಯಲ್ಲಿ ದುಡಿದು ಮಗಳನ್ನು ಸಾಕುತ್ತಿದ್ದೇನೆ. ಏಟು ತಿನ್ನಲು ಈಗ ನನಗೆ ಪುರುಸೊತ್ತಿಲ್ಲ.

ಆದರೂ ಮನೆಗೆ ಬಂದವರು ಅಂತ ಕಾಫಿ ಮಾಡಿದೆ. ಅತ್ತೆ ಚೀಲದಿಂದ ತಮ್ಮದೇ ಸ್ಟೀಲ್ ಲೋಟ ತೆಗೆದು ಒಡ್ಡಿದರು. ನನ್ನನ್ನು ಕರೆದೊಯ್ಯಲು ಬಂದವರು ಅದನ್ನು ಮನೆಯಿಂದಲೇ ತಂದಿದ್ದರು! ತಾಗದ ಹಾಗೆ ಮೇಲಿನಿಂದ ಹೊಯ್ದೆ.

ಅವರು ಹೋದ ಮೇಲೆ ಮಗಳು ಮಾಯಾ ಕೇಳಿದಳು. ಆ ಮನೆಯಲ್ಲೇ ಹುಟ್ಟಿ ಬೆಳೆದ ಕೂಸು.

"ಅಜ್ಜಿಗೆ ಯಾಕಮ್ಮಾ ಬೇರೆ ಲೋಟ? ಅಜ್ಜಿಗೂ ಕಾಯಿಲೇನಾ?"

ಇಲ್ಲ ಅನ್ನಲು ಮನಸ್ಸಾಗಲಿಲ್ಲ. ಹೂಂ ಅಂದುಬಿಟ್ಟೆ.