ನಿನ್ನ ಕಣ್ಣು ಇನ್ನೂ ಬರೆದಿಲ್ಲ

ಅಪ್ಪಾ,

ನನಗೆ ಹೆದರಿಕೆಯಾಗುತ್ತಿದೆ. ಬೀದರಿನಲ್ಲಿ ನಮ್ಮ ಚಿತ್ರ ಪ್ರದರ್ಶನ ಇವತ್ತು ಬೆಳಿಗ್ಗೆ ಶುರುವಾಯಿತು. ಒಳಗೆ ಗೋಡೆಯ ಮೇಲೆ ನೀನಿದ್ದೀ, ಕಣ್ಣಿಲ್ಲದೆ. ಹೊರಗೆ ಮೆಟ್ಟಿಲ ಮೇಲೆ ನಾನು. ಅವ್ವ ಭಾಲ್ಕಿಯಿಂದ ಬಸ್ಸು ಹತ್ತಿದ್ದಾಳೆ. ನಾನು ಬರೆದಿರುವುದು ನಿನ್ನ ಚಿತ್ರ ಅಂತ ಆಕೆಗೆ ಇನ್ನೂ ಹೇಳಿಲ್ಲ.

ನೆನಪಿದೆಯಾ, ಔರಾದಿನಿಂದ ಒಬ್ಬ ಅಜ್ಜಿ ತೀರಿಹೋದ ಗಂಡನ ಬೆರಳಗಲದ ಫೋಟೊವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ನಮ್ಮ ಭಾಲ್ಕಿಯ ಅಂಗಡಿಗೆ ಬಂದಿದ್ದಳು? ದಿನವಿಡೀ ನೀನು ಬರೆಯುತ್ತಿದ್ದದ್ದು ಕಿರಾಣಿ, ಟೇಲರ್ ಅಂಗಡಿಗಳ ಬೋರ್ಡು. ಸತ್ತವರ ಚಿತ್ರ ಅಂದರೆ ಮಾತ್ರ ನಿನ್ನ ಕೈ ನಿಧಾನವಾಗುತ್ತಿತ್ತು. ಮೀಸೆ, ರುಮಾಲು ಎಲ್ಲ ಮುಗಿಸಿ, ಕಣ್ಣಿನ ಜಾಗ ಖಾಲಿ ಬಿಟ್ಟು, ಚಿತ್ರವನ್ನು ಗೋಡೆಯ ಕಡೆ ಮುಖ ಮಾಡಿ ಇಡುತ್ತಿದ್ದೆ. ಮನೆಯವರು ಬಂದು ಎದುರು ಕೂತ ಮೇಲೆಯೇ ಕಣ್ಣು. ಯಾಕೆ ಅಂತ ನಾನು ಕೇಳಿದ್ದಕ್ಕೆ ನೀನು, "ಕಣ್ಣ ತೆರದ ಕೂಡ್ಲೆ ಅವರು ಮೊದಲ ತಮ್ಮ ಮಂದೀನ ನೋಡಬೇಕವ್ವ. ಕಣ್ಣಿಲ್ಲದ ಚಿತ್ರ ಗ್ವಾಡಿಗಿ ಹಾಕಬಾರದು, ಚಲೋ ಅಲ್ಲ," ಅಂದಿದ್ದೆ. ಅಂಥದ್ದನ್ನೇ ನಾನೀಗ ಊರಿಗೆಲ್ಲ ಕಾಣುವಂತೆ ನೇತುಹಾಕಿದ್ದೇನೆ.

ಚಿದ್ರಿಯ ಬಾಡಿಗೆ ಕೋಣೆಯಲ್ಲಿ ಕ್ಯಾನ್ವಾಸಿನ ಮುಂದೆ ನಿಂತ ಆ ಮಧ್ಯಾಹ್ನ... ಹುಬ್ಬು ಬಂತು, ಮೂಗಿನ ಮೇಲಿನ ಗಾಯದ ಗುರುತು ಬಂತು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲೂ ಬಂತು. ಕಣ್ಣಿಗೆ ಬಂದಾಗ ಕೈ ನಿಂತಿತು. ಹೇಗಿತ್ತಪ್ಪಾ ನಿನ್ನ ಕಣ್ಣು? ಇರುವ ಒಂದೇ ಫೋಟೊದಲ್ಲಿ ನೀನು ಬೋರ್ಡಿನ ಮೇಲೆ ಬಗ್ಗಿದ್ದೀ. ನಾನು ನೋಡಿದಾಗಲೆಲ್ಲ ನೀನು ಬಗ್ಗಿಯೇ ಇರುತ್ತಿದ್ದೆ. ಊರವರ ಅಪ್ಪಂದಿರಿಗೆಲ್ಲ ಕಣ್ಣು ಬರೆದವನ ಮಗಳು ನಾನು, ಸ್ವಂತ ಅಪ್ಪನದ್ದೇ ಮರೆತಿದ್ದರೆ... ತಪ್ಪು ಕಣ್ಣು ಬರೆದುಬಿಟ್ಟರೆ ಆಮೇಲೆ ನನಗೆ ಅದೇ ನಿನ್ನ ಕಣ್ಣಾಗಿಬಿಡುತ್ತದಲ್ಲ? ಹಾಗೇ ಬಿಟ್ಟೆ.

ನಿನ್ನೆ ಚಿತ್ರಗಳನ್ನು ತೂಗುಹಾಕುವಾಗ ಸಮೀರ್ ಬಂದು ನಿಂತ. ನಮ್ಮ ಜೊತೆಯ ಕಲಾವಿದ, ಕೊಳಾರದ ಕಾರ್ಖಾನೆ ಶೆಡ್ಡುಗಳನ್ನು ಗೋಡೆಯಷ್ಟು ದೊಡ್ಡದಾಗಿ ಬರೆದಿದ್ದಾನೆ. "ಕಣ್ಣ ಬರೀಬ್ಯಾಡ್ರಿ ಮೇಡಂ, ಹಿಂಗೇ ಜಬರದಸ್ತ್ ಅದರಿ," ಅಂದವನೇ ಕೆಳಗೆ ಚೀಟಿಯನ್ನೂ ಅಂಟಿಸಿದ: 'ಕಣ್ಣಿಲ್ಲದ ಮನುಷ್ಯ'. ಬೆಳಿಗ್ಗೆಯಿಂದ ಬಂದವರೆಲ್ಲ ಅದರ ಮುಂದೆ ನಿಂತು ತಲೆದೂಗುತ್ತಿದ್ದಾರೆ. ಅದು ಕಲೆಯೂ ಅಲ್ಲ ಏನೂ ಅಲ್ಲ, ಬರೀ ನನ್ನ ಅಂಜಿಕೆ ಅಂತ ಯಾರಿಗೆ ಹೇಳಲಿ? ಅವ್ವ ಹೇಗೆ ತಡೆದುಕೊಂಡಾಳು? ನೀನು ಹೊಸ್ತಿಲಿಗೆ ಬಂದರೆ ಸಾಕು, ಒಲೆಯ ಮುಂದಿದ್ದರೂ ಸರಕ್ಕನೆ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದವಳು. ನೀನು ಹೋದ ಮೇಲೆ ಆ ಸೆರಗು ಹೆಗಲು ಬಿಟ್ಟು ಮೇಲೆ ಏರಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅವ್ವ ಬಂದಳು. ಮಿಕ್ಕದ್ದನ್ನು ಈಗ ಬರೆಯುತ್ತಿದ್ದೇನೆ. ಬೆರಳಿಗೆಲ್ಲ ಹಸಿ ಬಣ್ಣ. ಒಳಗೆ ಹೋದವಳು ಚಿತ್ರ ನೋಡಿ ಮುಖ ತಿರುಗಿಸಿಬಿಟ್ಟಳು. "ಯಪ್ಪಾ! ಏನ್ ಮಾಡಿಟ್ಟೀದಿ ಇದು? ಹಿಂಗ ಬಿಡ್ತಾರೇನ ಅವರಿಗಿ?"

"ನೆನಪಾಗವಲ್ದವ್ವ. ಅಂಜಿಕಿ ಬರ್ತದ," ಅಂದೆ. ಅಷ್ಟು ಜನರ ನಡುವೆ ಅತ್ತುಬಿಟ್ಟೆ.

ಅವ್ವ ನನ್ನನ್ನು ಸಮಾಧಾನ ಮಾಡಲಿಲ್ಲ. ಮೂಲೆಯ ಕುರ್ಚಿ ಎಳೆದುಕೊಂಡು ನಿನ್ನ ಎದುರು ಕೂತಳು. "ಬ್ರಷ್ ಹಿಡಿ. ಎಡಗಣ್ಣಿನ ರೆಪ್ಪಿ ತುಸು ಜೋತಿತ್ತು. ಚಾ ತಡಾ ಆದ್ರ ನನ್ನ ಕಡಿ ಹ್ಯಾಂಗ ನೋಡ್ತಿದ್ರು, ಹಂಗ ಬರಿ."

ಸಮೀರ್ ತನ್ನ ಬಣ್ಣದ ಡಬ್ಬಿ ತಂದುಕೊಟ್ಟು, ಚೀಟಿ ಕಿತ್ತ. ಎಡಗಣ್ಣು ಆಯಿತು. ಬಲಗಣ್ಣಿಗೆ ಬೆಳಕಿನ ಚುಕ್ಕಿ ಇಟ್ಟು, ಇದು ನೀನಲ್ಲದಿದ್ದರೆ ಏನು ಗತಿ ಅಂತ ಹೆದರುತ್ತಲೇ ಹಿಂತಿರುಗಿ ನೋಡಿದೆ.

ಅವ್ವ ಸರಕ್ಕನೆ ತಲೆ ಮೇಲೆ ಸೆರಗು ಎಳೆದುಕೊಂಡಳು, ಅಪ್ಪಾ.