ಒಂಟಿ ಚಪ್ಪಲಿಯ ರಾಣಿ

ತಂಗೀ,

ಅಪ್ಪ ನಮ್ಮನ್ನು ಮಲಗಿಸಲು ಹೇಳುತ್ತಿದ್ದ ಕಥೆಯ ರಾಣಿ ನಿಜವಾಗಿಯೂ ಇದ್ದಾಳೆ ಕಣೇ! ನಾನು ಪರದೆ ಹೊಲಿಯಲು ಬಂದಿರುವ ರಂಗಮಂದಿರದ ಎದುರಿನ ಚೌಕದಲ್ಲೇ ಕಂಚಿನ ಪ್ರತಿಮೆಯಾಗಿ ನಿಂತಿದ್ದಾಳೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಅಪ್ಪ ಹರೆಯದಲ್ಲಿ ಲಾರಿ ಓಡಿಸುತ್ತಾ ಈ ಕಡೆ ಬಂದಿದ್ದನಲ್ಲ, ಆಗಲೇ ನೋಡಿರಬೇಕು.

ಪಕ್ಕದಲ್ಲಿ ಹೂ ಮಾರುವ ಅಜ್ಜಿಯನ್ನು ಕೇಳಿದೆ.

"ಯುದ್ಧಕ್ಕೆ ಹೋದ ಮಗ ಬಂದ ಅಂತ ಯಾರೋ ಕೂಗಿದ್ರಂತೆ. ಇನ್ನೊಂದು ಚಪ್ಪಲಿ ಹಾಕ್ಕೊಳ್ಳೋಕೂ ಪುರುಸೊತ್ತಿಲ್ದೆ ಬಾಗಿಲಿಗೆ ಓಡಿದ್ಲಂತೆ," ಅಂದಳು.

"ಮಗ ಬಂದಿದ್ನಾ ಅಜ್ಜೀ?"

"ಎಲ್ಲಿ ಬಂದ? ಬಂದಿದ್ದು ಅವನ ಕುದುರೆ ಮಾತ್ರ."

ಅಪ್ಪನ ಕಥೆಯಲ್ಲಿ ಮಗ ಪ್ರತಿ ಸಲವೂ ಬರುತ್ತಿದ್ದ, ನೆನಪಿದೆಯಾ? ಹೊಟ್ಟೆ ಹಸಿದುಕೊಂಡು, ಮೈಯೆಲ್ಲ ಧೂಳು ಮಾಡಿಕೊಂಡು ಬರುತ್ತಿದ್ದ. ರಾಣಿ ಚೆನ್ನಾಗಿ ಬೈದು, ಆಮೇಲೆ ಊಟಕ್ಕೆ ಬಡಿಸುತ್ತಿದ್ದಳು. ನೀನು ಅಷ್ಟು ಕೇಳಿಯೇ ಕಣ್ಣು ಮುಚ್ಚುತ್ತಿದ್ದೆ. ನಮಗಾಗಿ ಅಪ್ಪ ಸತ್ತವನನ್ನೇ ಮನೆಗೆ ಕರೆತಂದಿದ್ದ.

ನನ್ನ ಕೆಮ್ಮು ವಾಸಿಯಾಗಿದೆ. ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದು ಬಿಟ್ಟರೆ ಆರಾಮ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ನಿನ್ನ ಮಗಳಿಗೆ ಅಪ್ಪ ಹೇಳಿದಂತೆಯೇ ಹೇಳು. ಕುದುರೆಯ ಮಾತು ನಮ್ಮಿಬ್ಬರಲ್ಲೇ ಇರಲಿ.

ನಿನ್ನ ಅಣ್ಣ